ಹಳೇ ಗ್ಯಾಸ್ ಗೀಸರ್, ಕಡಿಮೆ ಗ್ಯಾಸ್: ನನ್ನ ಅನುಭವ

ನಾವಿರುವುದು ಮೈಸೂರಿನಲ್ಲಿ, ಬಾಡಿಗೆ ಮನೆ. ಯುಟಿಲಿಟಿಯ ಗೋಡೆಗೆ ನೇತುಹಾಕಿರುವ ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗ್ಯಾಸ್ ಗೀಸರ್ ನಾವು ಬರುವುದಕ್ಕಿಂತ ಮುಂಚಿನಿಂದಲೂ ಇದೆ. ತಾರಸಿ ಮೇಲೆ ಸೋಲಾರ್ ಹಾಕಿಸಲು ಓನರ್‌ಗೆ ಇಷ್ಟವಿಲ್ಲ, ಅವರ ಗೋಡೆಗೆ ನನ್ನ ದುಡ್ಡಿನ ಹೊಸ ಗೀಸರ್ ತಂದು ಹಾಕಲು ನನಗೆ ಇಷ್ಟವಿಲ್ಲ. ಹಾಗಾಗಿ ಇರುವ ಗೀಸರ್‌ನಲ್ಲೇ ಗ್ಯಾಸ್ ಎಷ್ಟು ಉಳಿಸಬಹುದು ನೋಡೋಣ ಅಂತ ಕೂತೆ.

ಮೊದಲು ಮಾಡಿದ್ದು ತೂಕ ಹಾಕುವ ಕೆಲಸ. ನಮ್ಮದು ಎರಡು ಸಿಲಿಂಡರಿನ ಕನೆಕ್ಷನ್, ಒಂದು ಗೀಸರ್‌ಗೇ ಮೀಸಲು. ತುಂಬಿದ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ, ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ನಾವು ನಿಂತು ತೂಕ ನೋಡಿಕೊಳ್ಳುವ ಮಷಿನ್ ನೂರು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ, ಒಂದು ಬಕೆಟ್ಟಿನ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ವಾರಕ್ಕೊಮ್ಮೆ ತೂಗಿ, ಆ ವಾರ ತುಂಬಿದ ಬಕೆಟ್ಟುಗಳಿಂದ ಭಾಗಿಸಿದರೆ ಸಾಕು. 18 ಲೀಟರಿನ ಬಕೆಟ್ಟಿನ ನೀರನ್ನು 21 ಡಿಗ್ರಿಯಿಂದ 42ಕ್ಕೆ ಏರಿಸಲು, ಗೀಸರ್ ನೂರಕ್ಕೆ ಎಂಬತ್ತು ಪಾಲು ಶಾಖವನ್ನು ನೀರಿಗೆ ಕೊಡುತ್ತದೆ ಅಂದುಕೊಂಡರೆ, ಸುಮಾರು 43 ಗ್ರಾಂ ಗ್ಯಾಸ್ ಬೇಕು. ನಮ್ಮಲ್ಲಿ ಅರವತ್ತು ದಾಟುತ್ತಿತ್ತು. ಮಿಕ್ಕಿದ್ದು ಎಲ್ಲಿಗೆ ಹೋಗುತ್ತಿದೆ?

ಒಂದು ಪೋಲು ಕಿವಿಗೇ ಸಿಕ್ಕಿತು. ಅಡುಗೆಮನೆಯಲ್ಲಿ ನಿಂತಿದ್ದಾಗ ಗೀಸರ್ ಟಿಕ್ ಟಿಕ್ ಅಂದು ಹೊತ್ತಿಕೊಂಡಿತು, ಬಚ್ಚಲಮನೆಯಲ್ಲಿ ಯಾರೂ ಇರಲಿಲ್ಲ. ಊಟದ ಹಾಲ್‌ನ ವಾಶ್‌ಬೇಸಿನ್‌ನಲ್ಲಿ ಮಗ ಕೈ ತೊಳೆಯುತ್ತಿದ್ದ. ಅಲ್ಲಿರುವುದು ಒಂದೇ ಹಿಡಿಯ ನಲ್ಲಿ, ಹಿಡಿಯನ್ನು ಮಧ್ಯಕ್ಕೆ ಬಿಟ್ಟು ಎತ್ತಿದರೆ ಬಿಸಿನೀರಿನ ಪೈಪಿನಿಂದಲೂ ನೀರು ಎಳೆಯುತ್ತದೆ. ಗೀಸರ್ ಉರಿಯುತ್ತದೆ, ಆದರೆ ಬಿಸಿನೀರು ಅಷ್ಟು ದೂರ ಬರುವಷ್ಟರಲ್ಲಿ ಕೈ ತೊಳೆದು ಮುಗಿದಿರುತ್ತದೆ. ಮುಕ್ಕಾಲು ಇಂಚಿನ ಪೈಪು ಹತ್ತು ಮೀಟರ್ ಇದ್ದರೆ ಅದರೊಳಗೇ ಮೂರು ಲೀಟರಿನಷ್ಟು ನೀರು ನಿಂತಿರುತ್ತದೆ. ಬೇಸಿನ್ ಕೆಳಗಿನ ಬಿಸಿನೀರಿನ ಆಂಗಲ್ ಕಾಕ್ ತಿರುಗಿಸಿ ಮುಚ್ಚಿದೆ. ಒಂದು ಪೈಸೆ ಖರ್ಚಿಲ್ಲ. ಮೂರು ಹೊತ್ತು ಊಟಕ್ಕೂ ತಿಂಡಿಗೂ ಎಲ್ಲರೂ ಕೈ ತೊಳೆಯುವ ಮನೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

ಆಮೇಲೆ ಗೀಸರ್ ಬಿಚ್ಚಿಸಿದೆ. ಬರ್ನರ್ ಮೇಲಿರುವ ತಾಮ್ರದ ರೆಕ್ಕೆಗಳ ಸಂದಿಯಲ್ಲಿ ಕಪ್ಪು ಮಸಿ ಕಟ್ಟಿತ್ತು, ಬರ್ನರಿನ ಗಾಳಿ ಹೋಗುವ ಬಾಯಲ್ಲಿ ಜೇಡರಬಲೆ. ಉರಿ ತುದಿಯಲ್ಲಿ ಹಳದಿಯಾಗಿ ಆಡುತ್ತಿದ್ದುದಕ್ಕೆ ಅದೇ ಕಾರಣ. ಬ್ರಷ್ಷಿನಿಂದ ತಿಕ್ಕಿ ತೆಗೆದಾದ ಮೇಲೆ ಉರಿ ನೀಲಿಗೆ ತಿರುಗಿತು. ನೀರು ಹರಿಯುತ್ತಾ ಕಾಯುವ ತಾಮ್ರದ ಕೊಳವೆಯ, ಅಂದರೆ ಕಾಯಿಲ್‌ನ ಒಳಗೆ ಬೋರ್‌ವೆಲ್ ನೀರಿನ ಸುಣ್ಣ ಕೂತಿತ್ತು. ನೀರಿನ ಪೈಪು ಕಳಚಿ, ಬೆಚ್ಚಗಿನ ನೀರಿನಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಬಕೆಟ್ಟನ್ನು ಎತ್ತರದಲ್ಲಿಟ್ಟು ಸಣ್ಣ ಟ್ಯೂಬಿನಿಂದ ಕಾಯಿಲ್‌ಗೆ ತುಂಬಿಸಿ ಒಂದು ಗಂಟೆ ಬಿಟ್ಟೆವು. ಹೊರಗೆ ಬಂದದ್ದು ಮಜ್ಜಿಗೆಯಂಥ ಬಿಳಿ ನೀರು. ಮೆಕ್ಯಾನಿಕ್ ನೀರಿನ ವಾಲ್ವಿನ ರಬ್ಬರ್ ಡಯಾಫ್ರಮ್ (ನೀರು ಒತ್ತಿದಾಗ ಬಗ್ಗಿ ಗ್ಯಾಸ್ ತೆರೆಯುವ ತೆಳು ಹಾಳೆ) ಕೈಯಲ್ಲಿ ಹಿಡಿದು ಬಗ್ಗಿಸಿ ತೋರಿಸಿ, ‘ನೋಡಿ ಮೇಡಂ, ಚರ್ಮದ ಥರ ಆಗಿದೆ’ ಅಂದರು. ರಬ್ಬರ್ ಗಟ್ಟಿಯಾದರೆ ನಲ್ಲಿ ಪೂರ್ತಿ ತಿರುಗಿಸಿದರೇನೇ ಗೀಸರ್ ಹೊತ್ತುವುದು. ಹೊಸದು ಹಾಕಿದ ಮೇಲೆ ಸಣ್ಣ ಧಾರೆಗೂ ಹೊತ್ತುತ್ತಿದೆ.

ಗೀಸರ್ ಬಿಸಿ ಹೆಚ್ಚುಕಡಿಮೆ ಮಾಡುವ ಗುಬುಟಿನ ವಿಷಯದಲ್ಲಿ ನಮ್ಮತ್ತೆಗೂ ನನಗೂ ಸ್ವಲ್ಪ ಜಟಾಪಟಿ. ‘ಬಿಸಿನೀರು ಅಂದ್ರೆ ಕೈ ಇಟ್ರೆ ಚುರ್ ಅನ್ಬೇಕು ಕಣಮ್ಮ’ ಅನ್ನೋದು ಅವರ ವಾದ. ಹಂಡೆ ಒಲೆಯ ಕಾಲದ ಲೆಕ್ಕ ಅದು. ನಿಜ ಹೇಳಬೇಕೆಂದರೆ, ಕುದಿಯುವಂಥ ನೀರಿಗೆ ತಣ್ಣೀರು ಬೆರೆಸಿದರೂ ನೇರವಾಗಿ ಹದ ಬಿಸಿ ಹಿಡಿದರೂ ಬೇಕಾದ ಶಾಖ ಹೆಚ್ಚುಕಡಿಮೆ ಒಂದೇ. ನಷ್ಟವಾಗುವುದು ಬೆರೆಸುವಾಗ: ಬಿಸಿ ಹೆಚ್ಚಾಯಿತು ಅಂತ ತಣ್ಣೀರು, ತಣ್ಣಗಾಯಿತು ಅಂತ ಮತ್ತೆ ಬಿಸಿ, ಕೊನೆಗೆ ಬಕೆಟ್ ತುಂಬಿ ಹರಿಯುತ್ತದೆ. ಜೊತೆಗೆ ನೀರು ಜಾಸ್ತಿ ಕಾದಷ್ಟೂ ಕಾಯಿಲ್‌ನಲ್ಲಿ ಸುಣ್ಣ ಬೇಗ ಕೂರುತ್ತದೆ. ಈಗ ಗುಬುಟು ಬೇಸಿಗೆಯ ಗುರುತಿನಲ್ಲಿದೆ, ತಣ್ಣೀರು ಮುಟ್ಟದೆ ಬಕೆಟ್ ತುಂಬುತ್ತೇವೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮಾತ್ರ ಅತ್ತೆ ಹೇಳಿದ ಹಾಗೆ.

ಎಲ್ಲಕ್ಕಿಂತ ಹೆಚ್ಚು ಲಾಭವಾದದ್ದು ಗೀಸರ್‌ಗೆ ಕೈ ಹಚ್ಚದೆ. ರಾತ್ರಿಯಿಡೀ ತಾರಸಿ ಟ್ಯಾಂಕಿನಲ್ಲಿದ್ದ ನೀರು ಚಳಿಗಾಲದ ಬೆಳಗ್ಗೆ ಕೊರೆಯುತ್ತಿರುತ್ತದೆ. ಅದೇ ಕಪ್ಪು ಟ್ಯಾಂಕಿನ ನೀರು ಸಂಜೆ ಐದಕ್ಕೆ 29 ಡಿಗ್ರಿ ತೋರಿಸಿತು. 21ರಿಂದ ಏರಿಸುವ ಬದಲು 29ರಿಂದ ಏರಿಸಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗ್ಯಾಸ್ ಉಳಿಯುತ್ತದೆ. ಮಕ್ಕಳ ಸ್ನಾನ ಸಂಜೆಗೆ ಹೋಯಿತು, ಆಟ ಆಡಿ ಬಂದವರಿಗೆ ಅದು ಹೇಗೂ ಬೇಕಿತ್ತು. ಬೆಳಗ್ಗೆಯೇ ಸ್ನಾನ ಮಾಡುವವರಿಗಾಗಿ ಮೋಟರ್ ಹಾಕುವ ಹೊತ್ತು ಬದಲಾಯಿಸಿದೆ. ಬೋರ್‌ವೆಲ್ ನೀರು ಚಳಿಗಾಲದಲ್ಲೂ ನೆಲದೊಳಗಿನಿಂದ ಬೆಚ್ಚಗೇ ಬರುತ್ತದೆ. ರಾತ್ರಿ ಟ್ಯಾಂಕ್ ತುಂಬಿಸುವುದು ಬಿಟ್ಟು ಬೆಳಗ್ಗೆ ಸ್ನಾನಕ್ಕೆ ಮುಂಚೆ ತುಂಬಿಸುತ್ತೇವೆ. ಬೋರ್ ನೀರು ಜಾಸ್ತಿಯಾದರೆ ಸುಣ್ಣವೂ ಜಾಸ್ತಿ, ಅದಕ್ಕೆ ನಿಂಬೆ ಉಪ್ಪಿನ ಸೇವೆ ವರ್ಷಕ್ಕೊಮ್ಮೆ ಆಗಲೇಬೇಕು. ಇಷ್ಟೆಲ್ಲ ಆದ ಮೇಲೆ ಬಕೆಟ್ಟಿಗೆ ನಲವತ್ತು ಗ್ರಾಂ ಆಸುಪಾಸು ಬರುತ್ತಿದೆ, ಸಂಜೆಯ ಬಕೆಟ್ಟುಗಳಿಗೆ ಇನ್ನೂ ಕಡಿಮೆ.

ಉಳಿತಾಯದ ಹೆಸರಿನಲ್ಲಿ ಮಾಡಬಾರದ್ದೂ ಇದೆ. ಚಳಿ ಅಂತ ಗೀಸರ್ ಇರುವ ಜಾಗದ ಕಿಟಕಿ ಮುಚ್ಚುವುದು, ಗೀಸರ್ ಅನ್ನು ಬಚ್ಚಲಮನೆಯ ಒಳಗೇ ಹಾಕಿಸುವುದು ಎರಡೂ ಜೀವಕ್ಕೆ ಅಪಾಯ. ಗಾಳಿ ಸಾಲದೆ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗೆಯೇ ಉರಿ ಜೋರಾಗಲಿ ಅಂತ ಅಂಗಡಿ ಒಲೆಗಳ ಹೈ ಪ್ರೆಶರ್ ರೆಗ್ಯುಲೇಟರ್ ತಂದು ಹಾಕಬೇಡಿ.

ಈ ಗೀಸರ್ ಇನ್ನೆಷ್ಟು ದಿನ ಬರುತ್ತದೋ ಗೊತ್ತಿಲ್ಲ. ಕಾಯಿಲ್ ತೂತಾಗಿ ಹಸಿರು ಕಲೆಯ ನೀರು ತೊಟ್ಟಿಕ್ಕಿದರೆ ಬೆಸುಗೆ ಹಾಕಿಸುವುದಿಲ್ಲ, ಹೊಸದೇ ಹಾಕಿಸಿಕೊಡಬೇಕು ಅಂತ ಓನರ್‌ಗೆ ಈಗಲೇ ಹೇಳಿಟ್ಟಿದ್ದೇನೆ. ‘ನೋಡೋಣಮ್ಮ’ ಅಂದಿದ್ದಾರೆ.