ಮೊದಲು ಐದು ಗುಂಡು, ಆಮೇಲೆ ಸ್ಕ್ರೂ: ಏರ್ ರೈಫಲ್‌ನ ಓಪನ್ ಸೈಟ್ ಹೊಂದಿಸುವುದು ಹೇಗೆ?

ಹೊಸ ಏರ್ ರೈಫಲ್ ತಂದವರು ಮಾಡುವ ತಪ್ಪು ಹೆಚ್ಚುಕಮ್ಮಿ ಒಂದೇ. ಒಂದು ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆಯುತ್ತಾರೆ. ಅದು ಎಡಕ್ಕೆ ಬೀಳುತ್ತದೆ. ತಕ್ಷಣ ಸೈಟ್‌ನ, ಅಂದರೆ ಗುರಿ ಹಿಡಿಯಲು ಗನ್ನಿನ ಮೇಲಿರುವ ಕಚ್ಚು-ಕಡ್ಡಿಯ, ಸ್ಕ್ರೂ ತಿರುಗಿಸುತ್ತಾರೆ. ಮುಂದಿನದು ಬಲಕ್ಕೆ ಹೋಗುತ್ತದೆ, ಮತ್ತೆ ವಾಪಸ್ ತಿರುಗಿಸುತ್ತಾರೆ. ಅರ್ಧ ಡಬ್ಬಿ ಖಾಲಿಯಾದ ಮೇಲೆ "ಈ ಗನ್ನೇ ಸರಿ ಇಲ್ಲ" ಅಂತ ಮೂಲೆಗಿಡುತ್ತಾರೆ. ಬಹಳಷ್ಟು ಸಲ ಗನ್ ಸರಿಯಾಗೇ ಇರುತ್ತದೆ. ಒಂದು ಗುಂಡನ್ನು ನೋಡಿ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ಐದು ಗುಂಡು ಎಲ್ಲಿ ಗುಂಪಾಗಿ ಬಿದ್ದಿವೆ ಅಂತ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಬ್ಯಾರೆಲ್ ಮಡಚಿ ಲೋಡ್ ಮಾಡುವ, 0.177 ಇಂಚಿನ (4.5 ಮಿ.ಮೀ.) ಸ್ಪ್ರಿಂಗ್ ಏರ್ ರೈಫಲ್ ಬಗ್ಗೆ. ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರದ ಇಂಥ ಗನ್ನಿಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಲೈಸೆನ್ಸ್ ಇರುವ ಬಂದೂಕಿನ ಕೆಲಸ ಬೇರೆಯೇ. ಅದನ್ನು ಮನೆಯಲ್ಲಿ ಮಾಡಬೇಡಿ. ಬ್ಯಾರೆಲ್ ಮೊಟಕು ಮಾಡುವುದಕ್ಕಂತೂ 1959ರ ಆರ್ಮ್ಸ್ ಆಕ್ಟ್‌ನ 6ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಏರ್ ರೈಫಲ್ ಇದೆ ಅಂತ ಹಕ್ಕಿಗೆ, ಅಳಿಲಿಗೆ ಗುರಿ ಇಡಲೇಬೇಡಿ. ಕಾಗದದ ಗುರಿಯೇ ಸಾಕು.

ಹಂತ 1: ಜಾಗ. ಹತ್ತು ಮೀಟರ್ ಟೇಪ್ ಹಿಡಿದು ಅಳೆಯಿರಿ. ಗುರಿಯ ಹಿಂದೆ ಹಳೇ ಬಟ್ಟೆ ಒತ್ತಿ ತುಂಬಿದ ಮರದ ಪೆಟ್ಟಿಗೆ ಇಡಿ, ಅದರ ಹಿಂದೆ ಗೋಡೆ ಇರಲಿ. ಬರೀ ಕಲ್ಲು, ಕಬ್ಬಿಣ ಬೇಡ, ಪೆಲೆಟ್ ವಾಪಸ್ ಹಾರಿ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಹಂತ 2: ಸ್ಕ್ರೂಗಳು. ಸ್ಟಾಕ್‌ನ (ಭುಜಕ್ಕೆ ಒರಗಿಸಿ ಹಿಡಿಯುವ ಭಾಗ) ಸ್ಕ್ರೂ, ಬ್ಯಾರೆಲ್ ಮಡಚುವ ಕಡೆ ಇರುವ ಬೋಲ್ಟ್, ಸೈಟ್‌ನ ಸ್ಕ್ರೂ, ಎಲ್ಲವನ್ನೂ ಬಿಗಿ ಮಾಡಿ. ಸ್ಪ್ರಿಂಗ್ ಗನ್ನಿನ ನಡುಕಕ್ಕೆ ಇವು ತಾವಾಗಿಯೇ ಸಡಿಲವಾಗುತ್ತವೆ. ಇನ್ನೊಂದು ಪರೀಕ್ಷೆ ಕಡ್ಡಾಯ. ದಾರಕ್ಕೆ ಒಂದು ನಟ್ ಕಟ್ಟಿ ಎದುರಿಗೆ ನೇತು ಹಾಕಿ. ಗನ್ನನ್ನು ನೆಟ್ಟಗೆ ಹಿಡಿದು, ಮುಂದಿನ ಸೈಟ್‌ನ ಕಡ್ಡಿ ಆ ದಾರಕ್ಕೆ ಸಮವಾಗಿದೆಯಾ ನೋಡಿ. ಅಗ್ಗದ ಗನ್ನುಗಳಲ್ಲಿ ಈ ಕಡ್ಡಿ ಒಂದು ಕಡೆ ವಾಲಿರುವುದು ಸಾಮಾನ್ಯ. ವಾಲಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡಿಸಿ. ಹಾಗೇ ಬಿಟ್ಟರೆ ಮುಂದೆ ಮಾಡುವ ಕೆಲಸವೆಲ್ಲ ದಂಡ.

ಹೊಸ ಗನ್ ಆದರೆ ಮೊದಮೊದಲು ಹೊಗೆ ಬರುತ್ತದೆ, ಸುಟ್ಟ ವಾಸನೆ ಬರುತ್ತದೆ. ಫ್ಯಾಕ್ಟರಿಯಲ್ಲಿ ಹಾಕಿದ ಎಣ್ಣೆ ಗಾಳಿಯ ಒತ್ತಡದ ಬಿಸಿಗೆ ಉರಿಯುವುದು ಅದು. ಅದು ನಿಲ್ಲುವ ತನಕ ಪೆಲೆಟ್‌ನ ವೇಗ ಒಂದೇ ಥರ ಇರುವುದಿಲ್ಲ, ಅಲ್ಲಿಯವರೆಗೆ ಸೈಟ್ ಮುಟ್ಟುವುದರಲ್ಲಿ ಅರ್ಥವಿಲ್ಲ. ಕೆಲವರು "ನಯವಾಗಲಿ" ಅಂತ ಹೊಲಿಗೆ ಮಷಿನ್ ಎಣ್ಣೆಯನ್ನು ಗಾಳಿ ಬರುವ ತೂತಿಗೆ ಬಿಡುತ್ತಾರೆ. ದಯವಿಟ್ಟು ಬೇಡ. ಅದೂ ಉರಿಯುತ್ತದೆ. ಸ್ಪ್ರಿಂಗು, ಸೀಲು ಎರಡೂ ಹಾಳಾಗುತ್ತವೆ. ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಎಳೆಯುವುದೂ ಅಷ್ಟೇ ಕೆಟ್ಟದ್ದು. ತಡೆಯುವ ಗಾಳಿ ಇಲ್ಲದೆ ಒಳಗಿನ ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ.

ಹಂತ 3: ಗುಂಪು ಬೀಳಿಸುವುದು. ಎಲ್ಲರೂ ಮಾಡದೆ ಬಿಟ್ಟುಬಿಡುವುದು ಈ ಹಂತವನ್ನೇ. ಹಾಗಾಗಿ ನಿಧಾನವಾಗಿ ಓದಿ.

ಸ್ಪ್ರಿಂಗ್ ಗನ್‌ನಲ್ಲಿ ಟ್ರಿಗರ್ ಎಳೆದ ಮೇಲೆ, ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ ಇಡೀ ಗನ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಪ್ರತಿ ಸಲವೂ ಒಂದೇ ರೀತಿ ಜಗ್ಗಿದರೆ ಪೆಲೆಟ್ ಒಂದೇ ಕಡೆ ಬೀಳುತ್ತದೆ. ಒಮ್ಮೆ ಗಟ್ಟಿ, ಒಮ್ಮೆ ಸಡಿಲ ಹಿಡಿದರೆ ಚೆಲ್ಲಾಪಿಲ್ಲಿ. ಆದ್ದರಿಂದ ಮುಂದಿನ ಕೈಯನ್ನು ಬಿಚ್ಚಿ, ಅಂಗೈ ಮೇಲೆ ಸ್ಟಾಕ್ ಸುಮ್ನೆ ಕೂತಿರುವಂತೆ ಇಡಿ. ಬೆರಳು ಸುತ್ತಿ ಅಮುಕಬೇಡಿ. ಆ ಕೈಯನ್ನು ಮರಳಿನ ಚೀಲದ ಮೇಲಿಡಿ. ಗನ್ನನ್ನೇ ಮೇಜಿನ ಅಂಚಿಗೆ, ಕಿಟಕಿ ಕಟ್ಟೆಗೆ ಒರಗಿಸಬೇಡಿ. ಬ್ಯಾರೆಲ್ಲನ್ನಂತೂ ಯಾವುದಕ್ಕೂ ತಾಗಿಸಲೇಬೇಡಿ. ಅಂಗೈ ಇಡುವ ಜಾಗಕ್ಕೆ ಸ್ಟಾಕ್ ಮೇಲೆ ಟೇಪಿನ ತುಂಡು ಅಂಟಿಸಿ, ಪ್ರತಿ ಸಲ ಅಲ್ಲೇ ಇಡಿ.

ಇನ್ನು ಕಣ್ಣು. ಹಿಂದಿನ ಸೈಟ್‌ನ ಕಚ್ಚಿನ ನಡುವೆ ಮುಂದಿನ ಸೈಟ್‌ನ ಕಡ್ಡಿ ಬರಬೇಕು. ಕಡ್ಡಿಯ ತಲೆ ಕಚ್ಚಿನ ಮೇಲಂಚಿಗೆ ಸಮ ಇರಬೇಕು. ಎಡಬಲಕ್ಕೆ ಕಾಣುವ ಬೆಳಕಿನ ಗೆರೆ ಒಂದೇ ದಪ್ಪ ಇರಬೇಕು. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ, ಮೂರೂ ಒಟ್ಟಿಗೆ ಸ್ಪಷ್ಟವಾಗಿ ಯಾರ ಕಣ್ಣಿಗೂ ಕಾಣುವುದಿಲ್ಲ. ಮುಂದಿನ ಕಡ್ಡಿ ಮಾತ್ರ ಸ್ಪಷ್ಟವಾಗಿ ಕಾಣಲಿ, ಗುರಿ ಮಸುಕಾದರೆ ಆಗಲಿ. ಗುರಿಯನ್ನೇ ನೋಡುತ್ತಾ ಹೊಡೆಯುವವರ ಗುಂಪು ಕೂಡುವುದೇ ಇಲ್ಲ.

ಕಾಗದಕ್ಕೆ ನನ್ನ ಆಯ್ಕೆ ಏರ್ ಪಿಸ್ತೂಲಿನ ಗುರಿ. ಅದರ ಕಪ್ಪು ವೃತ್ತ 59.5 ಮಿ.ಮೀ. ಅಗಲ. ರೈಫಲ್ ಗುರಿಯ ಕಪ್ಪು 30.5 ಮಿ.ಮೀ. ಮಾತ್ರ, ಓಪನ್ ಸೈಟ್‌ಗೆ ಅದು ತೀರಾ ಚಿಕ್ಕದು. ಕಪ್ಪು ಕಡ್ಡಿಯನ್ನು ಕಪ್ಪು ವೃತ್ತದ ನಡುವೆ ಇಟ್ಟರೆ ಎರಡೂ ಬೆರೆತು ಹೋಗುತ್ತವೆ ಅಲ್ವಾ? ಅದಕ್ಕೆ ವೃತ್ತದ ಕೆಳಗೆ, ನಡುವೆ ಕೂದಲೆಳೆಯಷ್ಟು ಬಿಳಿ ಕಾಣುವಂತೆ ಕಡ್ಡಿಯನ್ನು ಹಿಡಿಯಿರಿ. ಗುಂಡು ಮಾತ್ರ ವೃತ್ತದ ನಡುವೆ ಬೀಳುವಂತೆ ಆಮೇಲೆ ಸೈಟ್ ಹೊಂದಿಸುತ್ತೇವೆ. ಆದರೆ ಈ ಲೆಕ್ಕ ಅದೇ ಅಳತೆಯ ಗುರಿಗೆ, ಅದೇ ದೂರಕ್ಕೆ ಮಾತ್ರ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದಲ್ಲ, ಅಂಥ ಗುರಿಗೆ ಇದು ನಡೆಯುವುದಿಲ್ಲ. ಅಲ್ಲಿ ಕಡ್ಡಿಯ ತಲೆ ಎಲ್ಲಿದೆಯೋ ಗುಂಡು ಅಲ್ಲೇ ಬೀಳುವಂತೆ ಸೈಟ್ ಕೂರಿಸಬೇಕು.

ಹೀಗೆ ಹಿಡಿದು ಐದು ಗುಂಡು ಹೊಡೆಯಿರಿ. ನಡುವೆ ಎದ್ದು ಹೋಗಿ ನೋಡಬೇಡಿ, ಸ್ಕ್ರೂ ಮುಟ್ಟಬೇಡಿ. ಗುಂಪು ಗುರಿಯಿಂದ ಎಷ್ಟು ದೂರ ಬಿದ್ದರೂ ಪರವಾಗಿಲ್ಲ, ಒಟ್ಟಿಗೆ ಬಿದ್ದರೆ ಸಾಕು. ಐದೂ ಚೆದುರಿದರೆ ಹಿಡಿತ ಸರಿಮಾಡಿಕೊಂಡು ಮತ್ತೆ ಐದು. ಆಗಲೂ ಕೂಡದಿದ್ದರೆ ಪೆಲೆಟ್ ಬದಲಿಸಿ. ಡಬ್ಬಿಯಲ್ಲೇ ನೆಗ್ಗಿದ, ಅಂಚು ಮುರಿದ ಅಗ್ಗದ ಪೆಲೆಟ್‌ಗಳನ್ನು ಎಸೆಯಿರಿ. ಕಾಗದಕ್ಕೆ ಚಪ್ಪಟೆ ಮೂತಿಯವೇ ಒಳ್ಳೆಯವು. ಗುಂಡಗೆ ತೂತು ಬೀಳುತ್ತದೆ, ಅಳೆಯುವುದು ಸುಲಭ.

ಲೋಡ್ ಮಾಡುವಾಗ ಮಡಚಿದ ಬ್ಯಾರೆಲ್ಲನ್ನು ಒಂದು ಕೈ ಬಿಡಲೇಬಾರದು. ಆಗ ಟ್ರಿಗರ್‌ಗೆ ಬೆರಳು ತಾಗಿದರೆ ಬ್ಯಾರೆಲ್ ಪಟ್ ಅಂತ ಮುಚ್ಚಿಕೊಳ್ಳುತ್ತದೆ. ಬೆರಳು ಜಜ್ಜಿಹೋಗುತ್ತದೆ, ಬ್ಯಾರೆಲ್ ಬಾಗುತ್ತದೆ.

ಹಂತ 4: ಸೈಟ್ ಸರಿಸುವುದು. ಗುಂಪಿನ ನಡುವಿನಿಂದ, ಗುಂಡು ಬೀಳಬೇಕಾದ ಜಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಗುಂಪು ಎಡಕ್ಕೆ 20 ಮಿ.ಮೀ. ಬಿದ್ದಿದೆ ಅನ್ನಿ. ಎರಡು ಸೈಟ್‌ಗಳ ನಡುವೆ 450 ಮಿ.ಮೀ. ಇದೆ. 20ನ್ನು 450ರಿಂದ ಗುಣಿಸಿ, ದೂರವಾದ 10,000 ಮಿ.ಮೀ.ನಿಂದ ಭಾಗಿಸಿ. 0.9 ಮಿ.ಮೀ. ಬರುತ್ತದೆ. ಸೈಟ್ ಸರಿಸಬೇಕಾದ್ದು ಇಷ್ಟೇ, ಒಂದು ಮಿಲಿಮೀಟರ್‌ಗಿಂತ ಕಮ್ಮಿ! ಎರಡು ಮೂರು ಸುತ್ತು ಸುಮ್ನೆ ತಿರುಗಿಸುವವರ ಗುಂಡು ಯಾಕೆ ಆ ಕಡೆ ಈ ಕಡೆ ಹಾರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಿ. ಬಲಕ್ಕೆ ಬೇಕಾದರೆ ಬಲಕ್ಕೆ, ಮೇಲೆ ಬೇಕಾದರೆ ಮೇಲೆ. ಮುಂದಿನ ಸೈಟ್ ಮಾತ್ರ ಇದಕ್ಕೆ ಉಲ್ಟಾ. ಮೊದಲು ಎಡ-ಬಲ ಸರಿಮಾಡಿ, ಮತ್ತೆ ಐದು ಹೊಡೆದು ನೋಡಿ, ಆಮೇಲೆ ಎತ್ತರ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಹಿಂದಿನ ಸೈಟನ್ನು ಪೂರ್ತಿ ಎತ್ತಿದರೂ ಗುಂಡು ಕೆಳಗೇ ಬಿದ್ದರೆ ಮುಂದಿನ ಕಡ್ಡಿ ಉದ್ದ ಜಾಸ್ತಿ ಅಂತ ಅರ್ಥ. ಅದರ ತಲೆಯನ್ನು ಸಣ್ಣ ಅರದಿಂದ ಉಜ್ಜಬಹುದು. ಎರಡು ಸಲ ಉಜ್ಜಿ, ಐದು ಹೊಡೆದು ನೋಡಿ. ಅರ ಚಪ್ಪಟೆಯಾಗಿರಲಿ, ತಲೆ ಇಳಿಜಾರಾದರೆ ಒಂದು ಕಡೆ ಬೆಳಕು ಹೊಳೆದು ಕಣ್ಣಿಗೆ ಮೋಸವಾಗುತ್ತದೆ. ಉಜ್ಜಿದ್ದನ್ನು ವಾಪಸ್ ಬೆಳೆಸಲು ಆಗುವುದಿಲ್ಲ, ನೆನಪಿರಲಿ. ಉಜ್ಜಿದ ಜಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಇದೆಲ್ಲ ರಗಳೆ ಅಂತ ಅಗ್ಗದ ಟೆಲಿಸ್ಕೋಪ್ ಕೊಳ್ಳಬೇಡಿ. ಸ್ಪ್ರಿಂಗ್ ಗನ್ ಎರಡೂ ಕಡೆ ಜಗ್ಗುವುದರಿಂದ ಅದರ ಒಳಗಿನ ಗಾಜು ಬೇಗ ಸಡಿಲವಾಗುತ್ತದೆ.

ಹಂತ 5: ಸೈಟ್ ಸ್ಕ್ರೂಗೂ ಅದರ ಪಕ್ಕದ ಲೋಹಕ್ಕೂ ಸೇರಿಸಿ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಸ್ಕ್ರೂ ಸರಿದರೆ ಗೆರೆ ಎರಡಾಗುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಪೆಲೆಟ್‌ನ ಬ್ರ್ಯಾಂಡ್ ಬದಲಿಸಿದಾಗ ಮತ್ತೆ ಐದು ಗುಂಡಿನ ಪರೀಕ್ಷೆ ಮಾಡಿ. ಪೆಲೆಟ್ ಸೀಸದ್ದು, ಹಾಗಾಗಿ ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿರುವ ಮನೆಯಾದರೆ ಗನ್ನು, ಪೆಲೆಟ್ ಡಬ್ಬಿ ಎರಡಕ್ಕೂ ಬೇರೆ ಬೇರೆ ಬೀಗ ಹಾಕಿ.