ಡಿಸ್ನಿ ಕ್ಯಾಂಪ್‌ಗ್ರೌಂಡಿನಲ್ಲಿ ಆರ್‌ವಿ ಅಡುಗೆ: ನಾನು ಪ್ಲ್ಯಾನ್ ಮಾಡಿದ ರೀತಿ

ಆರ್‌ವಿ, ಅಂದರೆ ಒಳಗೇ ಅಡುಗೆಮನೆ, ಹಾಸಿಗೆ ಇರುವ ಗಾಡಿ. ಅದರ ಪ್ರವಾಸಕ್ಕೆ ಊಟದ ಪ್ಲ್ಯಾನ್ ಅಂದರೆ ಎಲ್ಲರೂ ಮೊದಲು ಅಡುಗೆಗಳ ಪಟ್ಟಿ ಬರೆಯುತ್ತಾರೆ. ಸೋಮವಾರ ಚಿತ್ರಾನ್ನ, ಮಂಗಳವಾರ ಪಾಸ್ತಾ, ಹೀಗೆ. ನಾನು ಮೊದಲು ಬರೆದದ್ದು ಗಂಟೆಗಳನ್ನು. ಯಾವ ದಿನ ಎಷ್ಟು ಹೊತ್ತಿಗೆ ಹೊರಡುತ್ತೇವೆ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೇವೆ, ಬಂದಾಗ ಯಾರಿಗೆ ಒಲೆ ಮುಂದೆ ನಿಲ್ಲುವ ಶಕ್ತಿ ಉಳಿದಿರುತ್ತದೆ. ಇಡೀ ದಿನ ಬಿಸಿಲಲ್ಲಿ ಪಾರ್ಕು ಸುತ್ತಿ ಬಂದ ಮೇಲೆ ಈರುಳ್ಳಿ ಹೆಚ್ಚುವ ಉತ್ಸಾಹ ಯಾರಿಗೂ ಇರೋದಿಲ್ಲ. ಇದೊಂದು ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ.

ನಾವು ಹೋದದ್ದು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಳಗೇ ಇರುವ ಫೋರ್ಟ್ ವಿಲ್ಡರ್ನೆಸ್ ಕ್ಯಾಂಪ್‌ಗ್ರೌಂಡಿಗೆ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕು ಶುರುವಾದ 1971ರಲ್ಲೇ ಇದೂ ಶುರುವಾಯಿತು. ಸುಮಾರು 750 ಎಕರೆ, ಸುತ್ತ ಪೈನ್ ಮತ್ತು ಸೈಪ್ರೆಸ್ ಮರಗಳು. ಪ್ರತಿ ಸೈಟಿಗೂ ಕರೆಂಟು, ನೀರು, ಒಂದು ಪಿಕ್ನಿಕ್ ಮೇಜು, ಇದ್ದಿಲು ಹಾಕಿ ಉರಿಸುವ ಒಂದು ಗ್ರಿಲ್ ಇರುತ್ತದೆ. ಆರ್‌ವಿ ಸೈಟುಗಳಿಗೆ ಕೊಳಚೆ ನೀರಿನ ಪೈಪೂ ಇರುತ್ತದೆ. ನಾವಿಬ್ಬರು, ಇಬ್ಬರು ಮಕ್ಕಳು, ಇಂಡಿಯಾದಿಂದ ಬಂದಿದ್ದ ಅತ್ತೆ. ಎಲ್ಲರೂ ಸಸ್ಯಾಹಾರಿಗಳು. ಅತ್ತೆಯವರು ಕೇಳಿದ ಮೊದಲ ಪ್ರಶ್ನೆಯೇ, "ಏನಮ್ಮಾ, ಅದರೊಳಗೆ ಕುಕ್ಕರ್ ಇಡೋಕೆ ಜಾಗ ಇರುತ್ತಾ?" ಇರುತ್ತೆ. ಆದರೆ ಕುಕ್ಕರ್ ಇಟ್ಟರೆ ಪಕ್ಕದಲ್ಲಿ ತಟ್ಟೆ ಇಡೋಕೆ ಇರೋದಿಲ್ಲ.

ಮೊದಲು ಫ್ರಿಜ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಬಾಡಿಗೆ ಆರ್‌ವಿ ತಗೊಳ್ಳೋರು ಇದನ್ನು ಮನೆ ಫ್ರಿಜ್ ಅಂದುಕೊಂಡೇ ಹೊರಡುತ್ತಾರೆ. ಎಷ್ಟೋ ಆರ್‌ವಿಗಳಲ್ಲಿ ಇರೋದು ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್. ಅದಕ್ಕೆ ಕಂಪ್ರೆಸರ್ ಇಲ್ಲ. ಪೂರ್ತಿ ತಣ್ಣಗಾಗೋಕೆ ಎಂಟು ಹತ್ತು ಗಂಟೆಯಾದರೂ ಬೇಕು. ಗಾಡಿ ಸಮತಟ್ಟಾಗಿ ನಿಂತಿರಬೇಕು, ಓರೆಯಾಗಿ ನಿಲ್ಲಿಸಿದರೆ ಸರಿಯಾಗಿ ಕೆಲಸ ಮಾಡೋದಿಲ್ಲ. ಅದಕ್ಕೇ ಗಾಡಿಯನ್ನು ಹಿಂದಿನ ದಿನವೇ ತಂದು ರಾತ್ರಿಯಿಡೀ ಫ್ರಿಜ್ ಆನ್ ಮಾಡಿಟ್ಟೆವು. ಒಳಗೆ ಹೋಗುವ ಪ್ರತಿಯೊಂದು ವಸ್ತುವೂ ಮನೆ ಫ್ರಿಜ್ಜಿನಲ್ಲಿ ಮೊದಲೇ ತಣ್ಣಗಾಗಿರಬೇಕು ಅಂತ ನಿಯಮ ಮಾಡಿಕೊಂಡೆ. ಹುಳಿ, ರಾಜ್ಮಾ, ಪಾಲಕ್ ದಾಲ್ ಇವನ್ನೆಲ್ಲ ಜಿಪ್ ಬ್ಯಾಗಿನಲ್ಲಿ ತುಂಬಿ, ಚಪ್ಪಟೆಯಾಗಿ ಮಲಗಿಸಿ, ಹೆಪ್ಪುಗಟ್ಟಿಸಿದ್ದೆ. ಪುಸ್ತಕ ಜೋಡಿಸಿದ ಹಾಗೆ ಫ್ರೀಜರಿನಲ್ಲಿ ನಿಲ್ಲಿಸಿದರೆ ಆ ಪುಟ್ಟ ಜಾಗದಲ್ಲೂ ತುಂಬಾ ಹಿಡಿಯುತ್ತದೆ, ಕರಗೋದೂ ಬೇಗ. ಹತ್ತು ಡಾಲರಿನೊಳಗೆ ಸಿಗುವ ಒಂದು ಫ್ರಿಜ್ ಥರ್ಮಾಮೀಟರ್ ಒಳಗಿಡಿ. 4 ಡಿಗ್ರಿ ಸೆಲ್ಸಿಯಸ್, ಅಂದರೆ 40 ಫ್ಯಾರನ್‌ಹೀಟ್ ದಾಟಬಾರದು.

ದೋಸೆ ಹಿಟ್ಟು ಒಯ್ಯಬೇಕೋ ಬೇಡವೋ ಅಂತ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಒಯ್ದೆವು. ಡಬ್ಬಿಯಲ್ಲಿ ಅರ್ಧ ಮಾತ್ರ ತುಂಬಿ, ಅದನ್ನು ಇನ್ನೊಂದು ಅಗಲ ಪಾತ್ರೆಯೊಳಗಿಟ್ಟು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಕುಲುಕಾಟಕ್ಕೂ ಹಿಟ್ಟು ಉಬ್ಬೋದಕ್ಕೂ ಇಷ್ಟು ಜಾಗ ಬೇಕು.

ಒಗ್ಗರಣೆ ಮಾತ್ರ ಮನೆಯಲ್ಲೇ ಮುಗಿಸಿ. ಆರ್‌ವಿ ಒಳಗೆ ಹೊಗೆ ಪತ್ತೆ ಮಾಡುವ ಅಲಾರಂ ಒಲೆಯಿಂದ ಕೈಯಳತೆ ದೂರದಲ್ಲೇ ಇರುತ್ತದೆ. ಒಣಮೆಣಸಿನಕಾಯಿ ಘಾಟೆದ್ದರೆ ಮುಗಿಯಿತು, ಇಡೀ ಲೂಪಿಗೆ, ಅಂದರೆ ನಮ್ಮ ಸೈಟುಗಳ ಬೀದಿಗೆಲ್ಲ, ಗೊತ್ತಾಗುತ್ತದೆ. ನಾನು ಸಾಸಿವೆ, ಇಂಗು, ಮೆಣಸಿನಕಾಯಿ, ಕರಿಬೇವು ಎಲ್ಲ ಎಣ್ಣೆಯಲ್ಲಿ ಹುರಿದು, ಆರಿಸಿ, ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೆ. ಬಿಸಿ ಅನ್ನಕ್ಕೆ, ಮೊಸರನ್ನಕ್ಕೆ ಒಂದು ಚಮಚ ಹಾಕಿದರೆ ಸಾಕು. ಹುರಿದುಕೊಂಡು ಹೋಗೋದಕ್ಕೆ ಇನ್ನೊಂದು ಕಾರಣವೂ ಇದೆ. ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ. ಹಾಗಾಗಿ ಅಮೆರಿಕದಲ್ಲಿ ಹಸಿ ಕರಿಬೇವಿನ ಸಾಗಾಟಕ್ಕೆ ನಿರ್ಬಂಧಗಳಿವೆ. ಫ್ಲೋರಿಡಾದ ಕಿತ್ತಳೆ ತೋಟಗಳು ಈ ರೋಗದಿಂದ ಪಟ್ಟ ಪಾಡು ಅಷ್ಟಿಷ್ಟಲ್ಲ.

ಇನ್ನು ಕರೆಂಟು. ನಮ್ಮದು 30 ಆಂಪ್ ಗಾಡಿ. 120 ವೋಲ್ಟಿಗೆ ಲೆಕ್ಕ ಹಾಕಿದರೆ ಒಟ್ಟು 3,600 ವ್ಯಾಟ್. ಎಸಿ ಒಂದೇ ಸುಮಾರು 1,500 ವ್ಯಾಟ್ ತಿನ್ನುತ್ತದೆ. ನೀರಿನ ಹೀಟರ್ ಕರೆಂಟಿನ ಮೇಲಿದ್ದರೆ ಇನ್ನೊಂದು 1,400. ಜೂನ್ ತಿಂಗಳ ಫ್ಲೋರಿಡಾದಲ್ಲಿ ಎಸಿ ಆರಿಸುವ ಮಾತೇ ಇಲ್ಲ. ಅದರ ಮೇಲೆ ಮೈಕ್ರೋವೇವೋ ಇನ್‌ಸ್ಟಂಟ್ ಪಾಟೋ (ಕರೆಂಟಿನ ಕುಕ್ಕರ್) ಹಾಕಿದರೆ ಬ್ರೇಕರ್ ಬೀಳೋದು ಗ್ಯಾರಂಟಿ. ನಾನು ಮಾಡಿದ್ದು ಇಷ್ಟೇ: ಹೀಟರನ್ನು ಗ್ಯಾಸಿಗೆ ಹಾಕಿದೆ, ಇನ್‌ಸ್ಟಂಟ್ ಪಾಟನ್ನು ಹೊರಗೆ ತಂದೆ. ಸೈಟಿನ ಕರೆಂಟು ಕಂಬದಲ್ಲಿ ಗಾಡಿಯ ದೊಡ್ಡ ಪ್ಲಗ್ಗಿನ ಜೊತೆಗೆ ಮಾಮೂಲಿ 20 ಆಂಪ್ ಸಾಕೆಟ್ಟೂ ಒಂದಿರುತ್ತದೆ, ಅದಕ್ಕೆ ಬ್ರೇಕರ್ ಬೇರೆ. ದಪ್ಪ ತಂತಿಯ, ಹೊರಗೆ ಬಳಸುವ ಎಕ್ಸ್‌ಟೆನ್ಷನ್ ಎಳೆದು ಪಿಕ್ನಿಕ್ ಮೇಜಿನ ಮೇಲೆ ಅನ್ನ ಮಾಡಿದೆ. ಹಬೆ ಹೊರಗೆ, ಸೆಕೆ ಹೊರಗೆ, ಒಳಗೆ ಎಸಿ ತನ್ನ ಪಾಡಿಗೆ. ಮಳೆ ಬರೋ ಹಾಗಿದ್ದರೆ ಮಾತ್ರ ಈ ಉಸಾಬರಿ ಬೇಡ, ಒಳಗೆ ಗ್ಯಾಸಿನ ಒಲೆ ಇದ್ದೇ ಇದೆ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೊಡೆಯೋದು ತೀರ ಸಾಮಾನ್ಯ.

ಹೊರಡುವ ದಿನದ ಊಟ ಸುಲಭ. ಅಟ್ಲಾಂಟಾ ಕಡೆಯಿಂದ ಐ-75 ಹೆದ್ದಾರಿಯಲ್ಲಿ ಕಾರಿಗೇ ಆರೇಳು ಗಂಟೆ ಹಿಡಿಯುತ್ತದೆ, ಆರ್‌ವಿಗೆ ಇನ್ನೂ ಜಾಸ್ತಿ. ಗಾಡಿ ಓಡುವಾಗ ಒಲೆ ಹಚ್ಚೋ ಹಾಗಿಲ್ಲ, ಎದ್ದು ಓಡಾಡೋ ಹಾಗೂ ಇಲ್ಲ. ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿ ಒಬ್ಬೊಬ್ಬರಿಗೂ ಬೇರೆ ಬೇರೆ ಫಾಯಿಲ್ ಮಾಡಿ, ಕೂತ ಕಡೆಯೇ ಕೈಗೆಟುಕುವ ಚೀಲದಲ್ಲಿಟ್ಟಿದ್ದೆ. ಅಲ್ಲಿಗೆ ಮುಗಿಯಿತು.

ಪಾರ್ಕಿನ ದಿನಗಳ ಬೆಳಗಿನ ತಿಂಡಿಯಲ್ಲಿ ನಾನು ಕಟ್ಟುನಿಟ್ಟು. ಒಲೆ ಹಚ್ಚಬಾರದು, ಹಾಲು ಬಿಸಿ ಮಾಡೋದು ಬಿಟ್ಟು. ಡಿಸ್ನಿಯ ರೆಸಾರ್ಟುಗಳಲ್ಲಿ ಉಳಿದವರಿಗೆ ಪಾರ್ಕುಗಳಿಗೆ 30 ನಿಮಿಷ ಮುಂಚೆ ಪ್ರವೇಶ ಸಿಗುತ್ತದೆ, ಕ್ಯಾಂಪ್‌ಗ್ರೌಂಡಿನವರಿಗೂ ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ ಉದ್ದ ಕ್ಯೂ ಇರುವ ರೈಡನ್ನು ಮುಗಿಸಿಬಿಡಬಹುದು. ದೋಸೆ ಹುಯ್ಯುತ್ತಾ ನಿಂತರೆ ಅದು ಹೋಯಿತು. ಜೊತೆಗೆ ಫೋರ್ಟ್ ವಿಲ್ಡರ್ನೆಸ್ ದೊಡ್ಡದು. ಸೈಟಿನಿಂದ ಒಳಗಿನ ಬಸ್ಸು ಹತ್ತಿ, ಅಲ್ಲಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿ, ಬೇರೆ ಪಾರ್ಕಿಗಾದರೆ ಇನ್ನೊಂದು ಬಸ್ಸು. ಮನೆಯಲ್ಲೇ ಒಗ್ಗರಣೆ ಹಾಕಿ ಒಣಗಿಸಿದ ತೆಳು ಅವಲಕ್ಕಿ, ಬಾಳೆಹಣ್ಣು, ಹಾಲಿಗೆ ಸೀರಿಯಲ್, ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ. ಅತ್ತೆಯವರಿಗೆ ಒಂದು ಲೋಟ ಕಾಫಿ, ಡಿಕಾಕ್ಷನ್ ಮನೆಯಿಂದಲೇ ಬಾಟಲಿಯಲ್ಲಿ. ಅದೊಂದು ಸರಿಯಾಗಿದ್ದರೆ ಉಳಿದದ್ದಕ್ಕೆಲ್ಲ ಅವರು ಹೊಂದಿಕೊಂಡರು.

ಪಾರ್ಕಿಗೆ ಹೋಗದ ದಿನ ದೋಸೆ. ಹೊರಗೆ ಮೇಜಿನ ಮೇಲೆ ಕರೆಂಟಿನ ಗ್ರಿಡಲ್ ಇಟ್ಟು, ಮಕ್ಕಳು ತಾವೇ ಹುಯ್ದುಕೊಂಡರು. ಆಕಾರ ಕೇಳಬೇಡಿ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಮಧ್ಯಾಹ್ನದ ಊಟಕ್ಕೆ. "ಆರ್‌ವಿ ಹತ್ತಿರದಲ್ಲೇ ಇದೆ ಅಲ್ವಾ, ಬಂದು ಉಂಡು ಹೋಗೋಣ" ಅನ್ನೋದು ನಮ್ಮವರ ಮೊದಲ ಯೋಚನೆ. ಮ್ಯಾಜಿಕ್ ಕಿಂಗ್‌ಡಮ್ ದಿನ ಅದು ಆಗುತ್ತದೆ, ಮಕ್ಕಳಿಗೆ ಒಂದು ನಿದ್ದೆಯೂ ಆಗುತ್ತದೆ. ಬೇರೆ ಪಾರ್ಕುಗಳ ದಿನ ಬಸ್ಸು ಬದಲಾಯಿಸುತ್ತಾ ಬಂದು ಹೋಗೋದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ. ಆ ದಿನಗಳಿಗೆ ಬುತ್ತಿಯೇ ಸರಿ.

ಡಿಸ್ನಿ ವರ್ಲ್ಡ್ ಪಾರ್ಕುಗಳ ಒಳಗೆ ಹೊರಗಿನ ಊಟ ಒಯ್ಯಬಹುದು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಷರತ್ತುಗಳಿವೆ. ಗಾಜಿನ ಬಾಟಲಿ ಬೇಡ, ಮಕ್ಕಳ ಆಹಾರದ ಸಣ್ಣ ಸೀಸೆಗಳಿಗೆ ಮಾತ್ರ ವಿನಾಯಿತಿ. ಅಂದರೆ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ. ಹೊರಗಿನ ಮದ್ಯ ಬೇಡ. ಬಿಡಿ ಐಸು, ಡ್ರೈ ಐಸು ಎರಡೂ ಬೇಡ, ಹೆಪ್ಪುಗಟ್ಟಿಸುವ ಐಸ್ ಪ್ಯಾಕ್ ತರಬಹುದು. ಕೂಲರ್ 24 ಇಂಚು ಉದ್ದ, 15 ಅಗಲ, 18 ಎತ್ತರಕ್ಕಿಂತ ದೊಡ್ಡದಿರಬಾರದು. ಬಿಸಿ ಮಾಡಬೇಕಾದ ಊಟವೂ ಬೇಡ. ನಮಗೆ ಇದೆಲ್ಲ ತೊಂದರೆಯೇ ಅಲ್ಲ, ಪುಳಿಯೋಗರೆ ಯಾವತ್ತಾದರೂ ಬಿಸಿ ಮಾಡಿದ್ದುಂಟೇ?

ಆದರೂ ಬಿಸಿಲಿನ ವಿಷಯದಲ್ಲಿ ಅಜ್ಜಿ ಕಾಲದ ಧೈರ್ಯ ಬೇಡ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ ಬೇಯಿಸಿದ ಊಟ ಹೊರಗೆ ಎರಡು ಗಂಟೆ ಮಾತ್ರ ಇರಬಹುದು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅನ್ನ ಮಾಡಿದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಫ್ರಿಜ್ಜಿಗೆ ಹಾಕುತ್ತಿದ್ದೆ. ಇದು ಹಿಂದಿನ ರಾತ್ರಿಯ ಕೆಲಸ. ಬೆಳಿಗ್ಗೆ ಗೊಜ್ಜು ಕಲಸಿ, ಐಸ್ ಪ್ಯಾಕ್ ಮೇಲೊಂದು ಕೆಳಗೊಂದು ಇಟ್ಟು ಕಟ್ಟೋದು. ಫ್ರಿಜ್ಜಿನ ಅನ್ನ ಗಟ್ಟಿಯಾಗಿರುತ್ತದೆ, ಅದಕ್ಕೇ ಬೇಯಿಸುವಾಗಲೇ ಸ್ವಲ್ಪ ನೀರು ಜಾಸ್ತಿ ಹಾಕಿ ಮೆತ್ತಗೆ ಮಾಡಿಕೊಳ್ಳಬೇಕು. ಮೊಸರನ್ನಕ್ಕೂ ಹಾಗೇ, ಹಾಲು ಧಾರಾಳವಾಗಿ ಬಿಡಿ. ತಣ್ಣಗಿದ್ದರೆ ಹುಳಿ ಬರೋದಿಲ್ಲ, ಆದರೆ ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ಪಾರ್ಕಿನೊಳಗೆ ಕೌಂಟರಿನಲ್ಲಿ ಊಟ ಕೊಡುವ ಹೋಟೆಲುಗಳಲ್ಲಿ ಐಸ್ ನೀರು ಪುಕ್ಕಟೆ ಕೇಳಿ ತಗೊಳ್ಳಬಹುದು, ಬಾಟಲಿ ಹೊರುವ ಭಾರ ಉಳಿಯಿತು.

ಎಲ್ಲ ಹೊತ್ತೂ ಬುತ್ತಿಯೇ ಕಟ್ಟಿದರೆ ಮಕ್ಕಳ ಮುಖ ನೋಡೋಕಾಗೋದಿಲ್ಲ. ಎಪ್ಕಾಟ್ ಅನ್ನುವ ಪಾರ್ಕಿನ ದಿನ ಬೇಕಂತಲೇ ಏನೂ ಕಟ್ಟಲಿಲ್ಲ. ಅಲ್ಲಿ ವರ್ಲ್ಡ್ ಶೋಕೇಸಿನಲ್ಲಿ 11 ದೇಶಗಳ ಪೆವಿಲಿಯನ್ ಇವೆ. ಒಂದು ಕಡೆ ಒಂದು ತಿಂಡಿ ತಗೊಂಡು ಎಲ್ಲರೂ ಹಂಚಿಕೊಂಡು ತಿನ್ನುತ್ತಾ ಸುತ್ತೋದೇ ಆ ದಿನದ ಊಟ. ಡಿಸ್ನಿ ಮೆನುಗಳಲ್ಲಿ ಪುಟ್ಟ ಎಲೆಯ ಗುರುತಿದ್ದರೆ ಅದು ಪೂರ್ತಿ ಸಸ್ಯಮೂಲದ್ದು, ಹಾಲು ಮೊಟ್ಟೆಯೂ ಇಲ್ಲ. ಅತ್ತೆಯವರಿಗೆ ಪ್ರತಿ ಸಲ ವಿವರಿಸುವ ಕಷ್ಟ ತಪ್ಪಿತು. ಕೂತು ಉಣ್ಣುವ ಹೋಟೆಲ್ ಬೇಕಿದ್ದರೆ 60 ದಿನ ಮುಂಚಿತವಾಗಿ ಬುಕಿಂಗ್ ತೆರೆಯುತ್ತದೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ರಾತ್ರಿ ಊಟ ಅಂದರೆ ಬರೀ ಬಿಸಿ ಮಾಡೋದು. ಬಂದ ಕೂಡಲೇ ಹೊರಗೆ ಅನ್ನಕ್ಕಿಡೋದು, ಫ್ರೀಜರಿನಿಂದ ಬೆಳಿಗ್ಗೆಯೇ ಫ್ರಿಜ್ಜಿಗೆ ಇಳಿಸಿದ್ದ ಹುಳಿಯನ್ನು ಒಲೆ ಮೇಲಿಡೋದು, ಸ್ನಾನಕ್ಕೆ ಹೋಗೋದು. ನಮ್ಮ ಗಾಡಿಯ ಬಿಸಿನೀರಿನ ಟ್ಯಾಂಕು 6 ಗ್ಯಾಲನ್, ಅಂದರೆ 23 ಲೀಟರ್ ಕೂಡ ಇಲ್ಲ. ಒಬ್ಬರ ಸ್ನಾನಕ್ಕೆ ಖಾಲಿ. ಹಾಗಾಗಿ ಸ್ನಾನ ಲೂಪಿನ ಕಂಫರ್ಟ್ ಸ್ಟೇಷನ್ ಅನ್ನುವ ಸಾಮೂಹಿಕ ಸ್ನಾನಗೃಹದಲ್ಲಿ, ಆರ್‌ವಿಯ ಬಿಸಿನೀರು ಪಾತ್ರೆಗೆ ಅಂತ ಹಂಚಿಕೊಂಡೆವು. ಪಾತ್ರೆಯನ್ನೂ ತೊಳೆಯುವ ಮುಂಚೆ ಪೇಪರ್ ಟವಲಿನಲ್ಲಿ ಒರೆಸಿ ಕಸಕ್ಕೆ ಹಾಕಿ. ಜಿಡ್ಡು, ಅನ್ನದ ಅಗುಳು ಆ ಸಣ್ಣ ಪೈಪುಗಳಿಗೆ ಹೋದರೆ ಟ್ಯಾಂಕು ನಾರುತ್ತದೆ.

ಗ್ರಿಲ್ ಸಿಕ್ಕಿದೆಯಲ್ಲ, ಅದನ್ನು ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ. ಅಲ್ಲಿನ ಅಂಗಡಿಯಲ್ಲಿ ಸಿಕ್ಕ ದಪ್ಪ ಬದನೆಕಾಯಿಗೆ ಎಣ್ಣೆ ಸವರಿ ಕೆಂಡದ ಮೇಲಿಟ್ಟೆವು. ಸಿಪ್ಪೆ ಕಪ್ಪಾಗಿ ಬಿರಿದು, ಒಳಗಿನ ನೀರು ಕೆಂಡಕ್ಕೆ ಬಿದ್ದು ಚೊಯ್ ಅನ್ನುವ ತನಕ ಬಿಡಬೇಕು. ಆಮೇಲೆ ಪಾತ್ರೆಯಲ್ಲಿಟ್ಟು ಮುಚ್ಚಿದರೆ ಸಿಪ್ಪೆ ತಾನೇ ಬಿಡುತ್ತದೆ. ಕಿವುಚಿ, ಹುಣಸೆ ರಸ, ಬೆಲ್ಲ, ಉಪ್ಪು, ಹಸಿ ಈರುಳ್ಳಿ, ಡಬ್ಬಿಯ ಒಗ್ಗರಣೆ ಒಂದು ಚಮಚ. ಸುಟ್ಟ ಬದನೆಕಾಯಿ ಗೊಜ್ಜು. ಅಪಾರ್ಟ್‌ಮೆಂಟಿನ ಕರೆಂಟು ಒಲೆಯಲ್ಲಿ ಈ ರುಚಿ ನನಗೆ ಯಾವತ್ತೂ ಬಂದಿಲ್ಲ. ಪಕ್ಕದಲ್ಲೇ ಜೋಳದ ತೆನೆ, ನಿಂಬೆ, ಖಾರದ ಪುಡಿ. ತಿಂದಾದ ಮೇಲೆ ಒಂದು ಚೂರೂ ಹೊರಗೆ ಬಿಡಬೇಡಿ, ರಕೂನುಗಳು ಕಾಯುತ್ತಿರುತ್ತವೆ.

ರಾತ್ರಿ ಅಲ್ಲಿ ಡಿಸ್ನಿ ಕಾರ್ಟೂನಿನ ಚಿಪ್ ಮತ್ತು ಡೇಲ್ ಜೊತೆ ಕ್ಯಾಂಪ್‌ಫೈರ್ ಹಾಡು ನಡೆಯುತ್ತದೆ, ನೋಡೋಕೆ ದುಡ್ಡಿಲ್ಲ. ಮಕ್ಕಳೆಲ್ಲ ಮಾರ್ಷ್‌ಮ್ಯಾಲೊ ಅನ್ನುವ ಮೆತ್ತನೆಯ ಮಿಠಾಯಿ ಸುಡುತ್ತಾರೆ. ಮಾಮೂಲಿ ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಮೂಲದ್ದು. ಜೆಲಟಿನ್ ಇಲ್ಲದ ಡ್ಯಾಂಡೀಸ್ ಪ್ಯಾಕೆಟ್ಟನ್ನೂ ಉದ್ದ ಕಡ್ಡಿಗಳನ್ನೂ ಮನೆಯಿಂದ ಒಯ್ದಿದ್ದೆ. ಸಸ್ಯಾಹಾರಿ ಮಕ್ಕಳಿದ್ದರೆ ಇದನ್ನು ಮರೆಯಬೇಡಿ, ಎಲ್ಲರೂ ತಿನ್ನುವಾಗ "ನಿಂಗೆ ಬೇಡ ಪುಟ್ಟ" ಅನ್ನೋದು ಕಷ್ಟ.

ಕೊನೆಯ ದಿನ ಬೆಳಿಗ್ಗೆ 11ರೊಳಗೆ ಸೈಟು ಬಿಡಬೇಕು. ಅವತ್ತಿಗೆ ಉಪ್ಪಿಟ್ಟು. ಹುರಿದ ರವೆಯನ್ನು ಅದಕ್ಕೆಂದೇ ಉಳಿಸಿಕೊಂಡಿದ್ದೆ. ಫ್ರಿಜ್ಜಿನಲ್ಲಿದ್ದ ಅರ್ಧ ಕ್ಯಾರೆಟ್, ಒಂದು ಹಿಡಿ ಬೀನ್ಸ್, ಬಾಡಿದ ಕ್ಯಾಪ್ಸಿಕಂ ಎಲ್ಲ ಅದರೊಳಗೆ. ಒಂದು ಪಾಲು ಆಗಲೇ ತಿಂದು, ಇನ್ನೊಂದು ಪಾಲನ್ನು ಆರಿಸಿ ಐಸ್ ಪ್ಯಾಕ್ ಜೊತೆ ದಾರಿಗೆ ಕಟ್ಟಿದೆ. ಬಾಡಿಗೆ ಗಾಡಿಯನ್ನು ಫ್ರಿಜ್ ಖಾಲಿ ಮಾಡಿ, ಒರೆಸಿ ಒಪ್ಪಿಸಬೇಕಿತ್ತು, ಆ ಕೆಲಸವನ್ನು ಸೈಟಿನಲ್ಲಿ ನೀರಿರುವಾಗಲೇ ಮುಗಿಸಿ ಹೊರಟೆವು.