ಬ್ಯಾಕ್‌ಲಾಗ್ ಬಿಇ ಹಿಡಿದು ಅಮೆರಿಕದ ಲಾ ಸ್ಕೂಲಿಗೆ: ನನ್ನ ಅನುಭವ

ಬಿಇಯಲ್ಲಿ ಐವತ್ತೊಂದೋ ಐವತ್ತೆರಡೋ ಪರ್ಸೆಂಟ್, ವಯಸ್ಸು ನಲವತ್ತು ದಾಟಿದೆ, ಇವನಿಗೆ ಯಾವ ಲಾ ಸ್ಕೂಲ್ ಸೀಟು ಕೊಡುತ್ತದೆ ಎಂದು ನಮ್ಮ ಭಾವ ನಕ್ಕಿದ್ದರು. ಈ ವರ್ಷ ಮೂರು ಕಡೆ ಜೆಡಿ, ಅಂದರೆ ಅಲ್ಲಿನ ಕಾನೂನು ಪದವಿಯ, ಸೀಟು ಸಿಕ್ಕಿದೆ, ಒಂದು ಕಡೆ ಶುಲ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾಫಿ. ಲಾ ಸ್ಕೂಲಿನ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್, ಅಂಕಪಟ್ಟಿಗಳನ್ನು ಶಾಲೆಗಳಿಗೆ ತಲುಪಿಸುವ ಸೇವೆ ಸಿಎಎಸ್, ಇವೆರಡರ ಪರಿಚಯ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಹಳೆಯ ಅಂಕಗಳಿಗೆ ಕಾರಣ ಕೊಡಲು ಅರ್ಜಿಯ ಜೊತೆ ಸೇರಿಸುವ ಪುಟ್ಟ ಟಿಪ್ಪಣಿ, ಅಡೆಂಡಮ್, ಬಗ್ಗೆ ಮಾತ್ರ.

ಮೊದಲ ಸಲ ಅರ್ಜಿ ಹಾಕುವಾಗ ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರಿಗೆ ಲಕ್ಷದ ಹತ್ತಿರ ಸುರಿದೆ. ಓದುವವರ ಕಣ್ಣಲ್ಲಿ ನೀರು ಬರಬೇಕು ಎಂಬುದು ಅವರ ಸಿದ್ಧಾಂತ. ಅಪ್ಪನಿಗೆ ಪಾರ್ಶ್ವವಾಯು ಹೊಡೆದದ್ದು, ಮದ್ದೂರಿನ ಕಡೆಯ ನಮ್ಮ ಆಲೆಮನೆಯನ್ನು ನಾನು ನಡೆಸಿದ್ದು, ಗಾಣ, ಕೊಪ್ಪರಿಗೆ, ರಾತ್ರಿಯ ಉರಿ ಎಲ್ಲವೂ ಪರ್ಸನಲ್ ಸ್ಟೇಟ್‌ಮೆಂಟಿಗೆ, ಅಂದರೆ ನಮ್ಮ ಬಗ್ಗೆ ನಾವೇ ಬರೆದುಕೊಡುವ ಪ್ರಬಂಧಕ್ಕೆ, ಬಂತು. ಅಂಕದ ಮಾತಿಗೆ ಜಾಗವೇ ಉಳಿಯಲಿಲ್ಲ. ಅರ್ಜಿಯೊಂದಕ್ಕೆ ಎಪ್ಪತ್ತು ಎಂಬತ್ತು ಡಾಲರ್, ಎಲ್‌ಸ್ಯಾಟ್ ನಡೆಸುವ ಸಂಸ್ಥೆ ಎಲ್‌ಎಸ್‌ಎಸಿ ಕಳಿಸುವ ವರದಿಗೆ ಪ್ರತಿ ಶಾಲೆಗೂ ನಲವತ್ತೈದರಷ್ಟು. ಬಂದದ್ದು ನಿರಾಕರಣೆಗಳ ಸಾಲು, ಕಾಯುವ ಪಟ್ಟಿಯಲ್ಲಿ ಒಂದು ಹೆಸರು. ಕನ್ಸಲ್ಟೆಂಟ್ ಆಮೇಲೆ ಫೋನ್ ಎತ್ತಲಿಲ್ಲ.

ಅವರೂ ಹೇಳದ, ಭಾವನಿಗೂ ಗೊತ್ತಿರದ ಸಂಗತಿಯೊಂದಿದೆ. ನಮ್ಮ ಅಂಕಪಟ್ಟಿಗಳಿಗೆ ಎಲ್‌ಎಸ್‌ಎಸಿ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವುದಿಲ್ಲ. ಅತ್ಯುತ್ತಮ, ಸರಾಸರಿಗಿಂತ ಮೇಲು, ಸರಾಸರಿ, ಸರಾಸರಿಗಿಂತ ಕೆಳಗೆ ಎಂಬ ನಾಲ್ಕರಲ್ಲಿ ಒಂದು ದರ್ಜೆ ಕೊಟ್ಟು ಮುಗಿಸುತ್ತದೆ. ಮೇಲಿನ ಎರಡು ನನ್ನ ಪಾಲಿಗೆ ಇರಲಿಲ್ಲ, ಬಿಡಿ. ಆದರೆ ಜಿಪಿಎ ಇಲ್ಲದ ಮೇಲೆ ನಾವು ಶಾಲೆಯ ಜಿಪಿಎ ಮಧ್ಯಾಂಕವನ್ನು (ಸೇರಿದವರ ಜಿಪಿಎಗಳ ನಟ್ಟನಡುವಿನ ಅಂಕಿ) ಕೆಳಗೆಳೆಯುವುದೂ ಇಲ್ಲ, ಎಲ್‌ಸ್ಯಾಟ್ ಅಂಕ ಮಾತ್ರ ಅವರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದು ವರ್ಷ ಬೆಳಗಿನ ಜಾವವೆಲ್ಲ ಎಲ್‌ಸ್ಯಾಟಿಗೆ ಮೀಸಲಿಟ್ಟೆ. 2024ರ ಆಗಸ್ಟಿನಿಂದ ಆ ಪರೀಕ್ಷೆಯಲ್ಲಿದ್ದ ಒಗಟಿನಂಥ ತರ್ಕದ ಪ್ರಶ್ನೆಗಳನ್ನು, ಲಾಜಿಕ್ ಗೇಮ್ಸ್ ಅನ್ನು, ತೆಗೆದುಹಾಕಿದರು. ನನಗೆ ಸಲೀಸಾಗಿದ್ದ ಭಾಗ ಅದೊಂದೇ. ಆದರೂ 158ರಿಂದ 166ಕ್ಕೆ ಏರಿದೆ.

ಅಡೆಂಡಮನ್ನು ಹೊಸದಾಗಿ, ನೂರೈವತ್ತು ಪದದೊಳಗೆ ಬರೆದೆ. ಮೊದಲ ಸಾಲಿನಲ್ಲೇ ವಿಟಿಯುನಲ್ಲಿ ಅರವತ್ತಕ್ಕೆ ಪ್ರಥಮ ದರ್ಜೆ, ಎಪ್ಪತ್ತಕ್ಕೆ ಡಿಸ್ಟಿಂಕ್ಷನ್ ಎಂದು ಹೇಳಿದೆ. ಐವತ್ತು ಎಂದರೆ ಫೇಲು ಎಂದುಕೊಳ್ಳುವ ಓದುಗನಿಗೆ ಇದು ಬೇಕೇ ಬೇಕು. ಆಮೇಲೆ ಮೂರು ಅಂಕಿ: ಮೊದಲ ವರ್ಷ ಅರವತ್ತರ ಮೇಲೆ, ಆಲೆಮನೆ ನಡೆಸಿದ ಸೆಮಿಸ್ಟರುಗಳಲ್ಲಿ ನಲವತ್ತರ ಆಸುಪಾಸು ಮತ್ತು ಬ್ಯಾಕ್‌ಲಾಗ್, ನನ್ನ ತಮ್ಮ ಆಲೆಮನೆಯ ಜವಾಬ್ದಾರಿ ಹೊತ್ತ ಮೇಲೆ ಎಪ್ಪತ್ತು. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂದು ಬರೆದೆ. ಕ್ಷಮೆ ಕೇಳಲಿಲ್ಲ, ದೂರು ಹೇಳಲಿಲ್ಲ. ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಅಂಕದ ಸುದ್ದಿಯನ್ನೇ ಎತ್ತದೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯಲ್ಲಿ ಪೇಟೆಂಟ್ ಕಡತಗಳ ಜೊತೆ ಕಳೆದ ವರ್ಷಗಳನ್ನೇ ಬರೆದೆ. ಅಡೆಂಡಮಿನ ಕೊನೆಯ ವಾಕ್ಯ ಮಾತ್ರ ನನ್ನಲ್ಲೇ ಇರಲಿ. ಶಿಫಾರಸು ಪತ್ರ ಯಾರಿಂದ ಬರೆಸಿದೆ ಎಂಬುದೂ ಅಷ್ಟೇ. ನನ್ನ ಮೇಲಧಿಕಾರಿಯಿಂದಲ್ಲ ಎಂದಷ್ಟೇ ಹೇಳಬಲ್ಲೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ತಾಜಾ ಅಂಕ ತೋರಿಸೋಣವೆಂದು ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಒಂದು ಡಿಪ್ಲೊಮಾ ಮುಗಿಸಿದೆ, ಎಪ್ಪತ್ತರ ಮೇಲೆ ಬಂತು. ಮೊದಲ ಪದವಿಯ ನಂತರದ ಅಂಕ ಅಮೆರಿಕದವರ ಜಿಪಿಎಗೂ ಸೇರುವುದಿಲ್ಲ, ಆದರೆ ಅಂಕಪಟ್ಟಿ ಶಾಲೆಗಳಿಗೆ ತಲುಪುತ್ತದೆ. ಸಂದರ್ಶನವೊಂದರಲ್ಲಿ ಅದರ ಪ್ರಸ್ತಾಪ ಬಂತು. ಖರ್ಚು ಮಾಡಿದ್ದಕ್ಕೆ ಅಷ್ಟಾದರೂ ಆಯಿತು. ಇಲ್ಲೇ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಾರದೇ ಎಂದು ಕೇಳಿದವರೂ ಇದ್ದಾರೆ. ನನ್ನ ಅಂಕಕ್ಕೆ ಅದು ಸಿಗುತ್ತಿತ್ತು, ನನಗೆ ಬೇಕಿದ್ದದ್ದು ಅಲ್ಲಿನ ಪೇಟೆಂಟ್ ಕಾನೂನು. ಸಾಮಾನ್ಯ ವರ್ಗದವರಿಗೆ ಬಾರ್ ಕೌನ್ಸಿಲ್ ನಿಗದಿಪಡಿಸಿದ ಗೆರೆ ಶೇ. 45. ಅದರ ಕೆಳಗಿದ್ದರೆ ಎಂಥ ಕಾರಣ ಬರೆದುಕೊಟ್ಟರೂ ಓದುವವರಿಲ್ಲ.

ಟ್ರಾನ್ಸ್‌ಕ್ರಿಪ್ಟ್‌ಗೆ (ಅಧಿಕೃತ ಅಂಕಪಟ್ಟಿಗೆ) ವಿಟಿಯುನಲ್ಲಿ ಓದಿದವರು ಬೆಳಗಾವಿಯನ್ನೇ ನೋಡಬೇಕು. ಸೀಲು ಹಾಕಿದ ಲಕೋಟೆ ಒಂದಕ್ಕೆ ಎರಡು ಮಾಡಿಸಿ, ನೀವಾಗಿ ಒಡೆಯಬೇಡಿ. ಅರ್ಜಿಗಳು ಬಂದ ಹಾಗೆ ಸೀಟು ತುಂಬುವ ಶಾಲೆಗಳೇ ಹೆಚ್ಚು, ಆದ್ದರಿಂದ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಹಾಕಿ. ಅರ್ಜಿ ಶುಲ್ಕ ಮನ್ನಾ ಮಾಡಿ ಎಂದು ನೇರವಾಗಿ ಇಮೇಲ್ ಬರೆದರೆ ಕೆಲವರು ಒಪ್ಪುತ್ತಾರೆ. ಎರಡನೆಯ ಸಲ ನನ್ನ ಅರ್ಧದಷ್ಟು ಅರ್ಜಿಗಳು ಹಾಗೆ ಪುಕ್ಕಟೆಯಾಗಿಯೇ ಹೋದವು.